ರಿಜಿಸ್ಟ್ರಿ ಓದುವುದಕ್ಕೆ ನನಗೆ ಕಪ್ಪು ಪರದೆಯೇ ಸಾಕು

ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ ಜಾಗ. ಅದನ್ನು ಓದುವುದಕ್ಕೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೆಗ್ ಕಮಾಂಡಿಗೆ. ವಿಂಡೋಸ್ ಜೊತೆಗೇ ಬರುವ, ಕಪ್ಪು ಪರದೆಯಲ್ಲಿ ಓಡುವ ಹಳೇ ಕಮಾಂಡು. ವಿಬಿಸ್ಕ್ರಿಪ್ಟ್, ಪವರ್‌ಶೆಲ್ ಅನ್ನುವ ಸ್ಕ್ರಿಪ್ಟ್ ಭಾಷೆಗಳನ್ನೆಲ್ಲ ಬಳಸಿ, ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಇಲ್ಲಿಗೆ ಬಂದು ನಿಂತೆ.

ಉಡುಪಿಯಲ್ಲಿ ನನ್ನದೊಂದು ಕಂಪ್ಯೂಟರ್ ಸರ್ವಿಸ್ ಅಂಗಡಿ. ಒಂದು ಸೊಸೈಟಿಯ ಎಎಂಸಿ, ಅಂದರೆ ಕಂಪ್ಯೂಟರುಗಳನ್ನು ವರ್ಷವಿಡೀ ನೋಡಿಕೊಳ್ಳುವ ಗುತ್ತಿಗೆ, ನನ್ನ ಕೈಯಲ್ಲಿ ಉಂಟು. ಎಂಟು ಬ್ರಾಂಚು, 43 ಕಂಪ್ಯೂಟರು. ಆಡಿಟ್‌ಗೆ ಮೊದಲು ಎಲ್ಲದರ ಪಟ್ಟಿ ಬೇಕು ಅಂದರು. ಆಟಿ ತಿಂಗಳ ಮಳೆಯಲ್ಲಿ ಕಾಪುವಿನಿಂದ ಬೈಂದೂರು ತನಕ ಯಾರು ಸುತ್ತುವುದು? ಕೂತಲ್ಲಿಂದಲೇ ಸ್ಕ್ರಿಪ್ಟ್ ಓಡಿಸುವ ಒಂದು ರಿಮೋಟ್ ಟೂಲ್‌ಗೆ ವರ್ಷದ ದುಡ್ಡು ಕಟ್ಟಿದೆ. ಯಾವುದು ಅಂತ ಕೇಳಬೇಡಿ.

ಸ್ಕ್ರಿಪ್ಟ್ ನನ್ನದೇ, ಹಳೇ ವಿಬಿಸ್ಕ್ರಿಪ್ಟ್. ಕಂಪ್ಯೂಟರಿನ ಹೆಸರು ಮತ್ತು ಮೆಷಿನ್‌ಗ್ವಿಡ್, ಎರಡನ್ನೂ ರಿಜಿಸ್ಟ್ರಿಯಿಂದ ಓದಿ ಒಂದು ಫೈಲಿಗೆ ಬರೆಯುತ್ತದೆ. ಮೆಷಿನ್‌ಗ್ವಿಡ್ ಅಂದರೆ ವಿಂಡೋಸ್ ಹಾಕಿಕೊಳ್ಳುವಾಗಲೇ ಹುಟ್ಟುವ, ಪ್ರತಿ ಕಂಪ್ಯೂಟರಿಗೂ ಬೇರೆಯಾಗಿರಬೇಕಾದ 36 ಅಕ್ಷರದ ಉದ್ದ ನಂಬರು. ನಾಲ್ಕು ಸಾಲಿನ ಕೆಲಸ. ಅಂಗಡಿಯಲ್ಲಿ ಡಬಲ್ ಕ್ಲಿಕ್ ಮಾಡಿ ನೋಡಿದೆ, ಎರಡೂ ಬಂತು. ಸರಿ ಅಂತ ಎಲ್ಲ ಬ್ರಾಂಚಿಗೂ ಬಿಟ್ಟೆ. ಸಂಜೆ ಮ್ಯಾನೇಜರ್ ಫೋನು: "ಎಂತ ಮಾರಾಯ್ರೆ, ಎರಡನೇ ಕಾಲಂ ಪೂರಾ ಖಾಲಿ ಉಂಟಲ್ಲ?"

43ರಲ್ಲಿ ಒಂದಕ್ಕೂ ನಂಬರಿಲ್ಲ. ಹೆಸರು ಮಾತ್ರ ಎಲ್ಲದಕ್ಕೂ ಸರಿಯಾಗಿ ಬಂದಿದೆ. ಟೂಲ್‌ನವರಿಗೆ ಬರೆದೆ. ನಿಮ್ಮ ಸ್ಕ್ರಿಪ್ಟ್ ನೋಡಿಕೊಳ್ಳಿ ಅಂದರು.

ಮರುದಿನ ಮಳೆಯಲ್ಲೇ ಸ್ಕೂಟರ್ ತೆಗೆದುಕೊಂಡು ಬ್ರಹ್ಮಾವರ ಬ್ರಾಂಚಿಗೆ ಹೋದೆ. ಕ್ಯಾಶ್ ಕೌಂಟರಿನ ಕಂಪ್ಯೂಟರಲ್ಲಿ ರಿಜಿಸ್ಟ್ರಿ ತೋರಿಸುವ ರೆಜ್‌ಎಡಿಟ್ ತೆರೆದೆ. ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಕ್ರಿಪ್ಟೋಗ್ರಫಿ. ನಂಬರು ಕಣ್ಣೆದುರೇ ಕೂತಿದೆ! ಅದೇ ಸ್ಕ್ರಿಪ್ಟನ್ನು ಅಲ್ಲೇ ಡಬಲ್ ಕ್ಲಿಕ್ ಮಾಡಿದರೆ ನಂಬರು ಬರುತ್ತದೆ. ಮೊಬೈಲಿಂದ ಟೂಲ್ ಮೂಲಕ ಅದೇ ಕಂಪ್ಯೂಟರಲ್ಲಿ ಓಡಿಸಿದರೆ ಖಾಲಿ. ಮೂರು ಸಲ ಮಾಡಿದೆ. ಪರ್ಮಿಷನ್ ಇರಬಹುದು, ಆಂಟಿವೈರಸ್ ತಡೆಯುತ್ತಿರಬಹುದು ಅಂತ ಎರಡು ಗಂಟೆ ಹಾಳು ಮಾಡಿದೆ. ನನ್ನದೂ ತಪ್ಪಿತ್ತು. ಸ್ಕ್ರಿಪ್ಟಿನ ತಲೆಯಲ್ಲೇ "ಆನ್ ಎರರ್ ರೆಸ್ಯೂಮ್ ನೆಕ್ಸ್ಟ್" ಬರೆದಿದ್ದೆ. ಬಂದ ಎರರನ್ನೆಲ್ಲ ಅದು ನುಂಗಿಕೊಂಡು ಕೂತಿತ್ತು.

ಕೊನೆಗೆ ಪ್ರೊಸೆಸರ್ ಆರ್ಕಿಟೆಕ್ಚರ್ ಯಾವುದು ಅಂತಲೂ ಬರೆಯುವ ಒಂದು ಸಾಲು ಸೇರಿಸಿದೆ. ಡಬಲ್ ಕ್ಲಿಕ್ ಮಾಡಿದಾಗ ಎಎಂಡಿ64, ಅಂದರೆ 64 ಬಿಟ್. ಟೂಲ್ ಮೂಲಕ ಎಕ್ಸ್86, ಅಂದರೆ ಹಳೇ 32 ಬಿಟ್. ಕಳ್ಳ ಸಿಕ್ಕಿದ. ಟೂಲಿನ ಏಜೆಂಟ್, ಅಂದರೆ ಪ್ರತಿ ಕಂಪ್ಯೂಟರಲ್ಲೂ ಕೂತು ಸ್ಕ್ರಿಪ್ಟ್ ಓಡಿಸುವ ಅದರ ಪ್ರೋಗ್ರಾಂ, 32 ಬಿಟ್‌ನದ್ದು. ಅದು ಎಬ್ಬಿಸಿದ ಸ್ಕ್ರಿಪ್ಟೂ 32 ಬಿಟ್ಟೇ.

64 ಬಿಟ್ ವಿಂಡೋಸಲ್ಲಿ ಸಾಫ್ಟ್‌ವೇರ್ ಕೀ ಎರಡು ಕಪಾಟಿನಲ್ಲಿ ಇರುತ್ತದೆ. 32 ಬಿಟ್ ಪ್ರೋಗ್ರಾಂ ಬಂದು ಕೇಳಿದರೆ, ಒಂದು ಮಾತೂ ಹೇಳದೆ ವಾವ್6432ನೋಡ್ ಅನ್ನುವ ಇನ್ನೊಂದು ಕಪಾಟಿಗೆ ಕರೆದುಕೊಂಡು ಹೋಗುತ್ತದೆ. ಮಂಗಳೂರಲ್ಲಿ ರಿಕ್ಷಾದವರ ಹತ್ತಿರ ಸುಮ್ನೆ "ಬಸ್‌ಸ್ಟ್ಯಾಂಡ್" ಅಂದ ಹಾಗೆ. ನಿಮ್ಮ ಮುಖ, ಬ್ಯಾಗು ನೋಡಿ ಖಾಸಗಿ ಬಸ್ಸಿನ ಸ್ಟೇಟ್‌ಬ್ಯಾಂಕೋ, ಸರ್ಕಾರಿ ಬಸ್ಸಿನ ಬಿಜೈಯೋ ಅಂತ ಅವರೇ ತೀರ್ಮಾನ ಮಾಡಿಬಿಡುತ್ತಾರೆ. ಮೆಷಿನ್‌ಗ್ವಿಡ್ ಆ ಎರಡನೇ ಕಪಾಟಿನಲ್ಲಿ ಇಲ್ಲವೇ ಇಲ್ಲ. ಕಂಪ್ಯೂಟರಿನ ಹೆಸರು ಇರುವುದು ಸಿಸ್ಟಮ್ ಕೀಯಲ್ಲಿ. ಅದಕ್ಕೆ ಈ ಎರಡು ಕಪಾಟಿನ ಗೋಜಿಲ್ಲ. ಹಾಗಾಗಿ ಆ ಕಾಲಂ ತುಂಬಿತು, ಇದು ಖಾಲಿ ಉಳಿಯಿತು.

ಇನ್ನು ಫೋಲ್ಡರಿನ ಹೆಸರಿಟ್ಟ ಪುಣ್ಯಾತ್ಮರ ಕಥೆ ಬೇರೆ. ಸಿಸ್ಟಮ್32 ಒಳಗೆ ಇರುವುದು 64 ಬಿಟ್ ಫೈಲುಗಳು. ಸಿಸ್‌ವಾವ್64 ಒಳಗೆ 32 ಬಿಟ್ಟಿನವು. ಬೋರ್ಡು ಒಂದು, ಅಂಗಡಿ ಇನ್ನೊಂದು.

ಸರಿ, ಹೋಲಿಕೆಗೆ ಬರೋಣ.

ವಿಬಿಸ್ಕ್ರಿಪ್ಟಿನ ರೆಗ್‌ರೀಡ್ ಬರೆಯುವುದಕ್ಕೆ ಎಲ್ಲಕ್ಕಿಂತ ಸುಲಭ. ಆದರೆ ಯಾವ ಕಪಾಟು ಬೇಕು ಅಂತ ಹೇಳುವ ದಾರಿಯೇ ಅದರಲ್ಲಿಲ್ಲ. ಯಾರು ಓಡಿಸಿದರೋ ಅವರ ಕಪಾಟು. ಸಿಸ್‌ನೇಟಿವ್ ಅನ್ನುವ ಫೋಲ್ಡರ್ ಹೆಸರು ಹಿಡಿದು, ವಿಬಿಸ್ಕ್ರಿಪ್ಟ್ ಓಡಿಸುವ 64 ಬಿಟ್ ಸಿಸ್ಕ್ರಿಪ್ಟನ್ನು ಎಬ್ಬಿಸಬಹುದು, ನಾನೂ ಮಾಡಿದೆ, ಓಡಿತು. ಆದರೆ ಆ ಫೋಲ್ಡರ್ 32 ಬಿಟ್ ಪ್ರೋಗ್ರಾಂಗಳ ಕಣ್ಣಿಗೆ ಮಾತ್ರ ಬೀಳುವುದು. ಹಾಗೆ ಎಬ್ಬಿಸಲು ಬರೆದ ಬ್ಯಾಚ್ ಫೈಲನ್ನು (ಕಮಾಂಡುಗಳ ಪಟ್ಟಿ) ಕೈಯಿಂದ ಡಬಲ್ ಕ್ಲಿಕ್ ಮಾಡಿದರೆ, ಅಂಥ ಫೋಲ್ಡರೇ ಇಲ್ಲ ಅನ್ನುತ್ತದೆ. ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಅಂತ ಬರೆಯುತ್ತಾ ಕೂರಬೇಕು.

ವಿಬಿಸ್ಕ್ರಿಪ್ಟಿನಿಂದಲೇ ಡಬ್ಲ್ಯುಎಂಐ, ಅಂದರೆ ಕಂಪ್ಯೂಟರಿನ ವಿವರ ಕೇಳಲಿಕ್ಕೆ ವಿಂಡೋಸಲ್ಲೇ ಇರುವ ವ್ಯವಸ್ಥೆಯ ಮೂಲಕವೂ ಹೋಗಬಹುದು. "__ಪ್ರೊವೈಡರ್‌ಆರ್ಕಿಟೆಕ್ಚರ್" ಅಂತ ಹೆಸರು ಕೊಟ್ಟು 64 ಅಂದರೆ ಸರಿಯಾದ ಕಪಾಟೇ ತೆರೆಯುತ್ತದೆ. ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್. ನಾನು ಒಂದೇ ಹೊಡೆದಿದ್ದೆ. ತಪ್ಪು ಅಂತಲೂ ಹೇಳಲಿಲ್ಲ, ಮತ್ತದೇ ಖಾಲಿ. ಒಂದು ನಂಬರಿಗೆ ಹದಿನೈದು ಸಾಲು ಬರೆಯುವಷ್ಟು ತಾಳ್ಮೆ ನನಗಿಲ್ಲ. ಅದೂ ಅಲ್ಲದೆ ವಿಬಿಸ್ಕ್ರಿಪ್ಟನ್ನೇ ವಿಂಡೋಸಿನಿಂದ ತೆಗೆಯುತ್ತೇವೆ ಅಂತ ಮೈಕ್ರೋಸಾಫ್ಟಿನವರು 2023ರಲ್ಲೇ ಹೇಳಿಯಾಗಿದೆ. ಹೋಗುವವರ ಹತ್ತಿರ ಹೊಸ ಸಂಬಂಧ ಯಾಕೆ?

ಪವರ್‌ಶೆಲ್ ಒಳ್ಳೆಯದೇ, ಸುಳ್ಳು ಹೇಳಬಾರದು. ಓಪನ್‌ಬೇಸ್‌ಕೀ ಬರೆದು ರಿಜಿಸ್ಟ್ರಿ64 ಅಂತ ಹೇಳಿದರೆ, ಸ್ಕ್ರಿಪ್ಟ್ 32 ಬಿಟ್ ಆಗಿದ್ದರೂ ಸರಿಯಾದ ಉತ್ತರ. ಸಿಕ್ಕಿದ ಉತ್ತರದಿಂದ ನಂಬರನ್ನು ಕತ್ತರಿಸಿ ತೆಗೆಯುವ ಕೆಲಸವೂ ಇಲ್ಲ. ಆದರೆ ಈ ಸೌಲಭ್ಯಕ್ಕೆ, ಪವರ್‌ಶೆಲ್ ಓಡಲು ಅಡಿಪಾಯವಾಗಿರುವ ಡಾಟ್‌ನೆಟ್ 4 ಬೇಕು. ವಿಂಡೋಸ್ 7ರ ಜೊತೆ ಬರುವ ಪವರ್‌ಶೆಲ್ 2 ಓಡುವುದು ಹಳೇ ಡಾಟ್‌ನೆಟ್ ಮೇಲೆ. ಸೊಸೈಟಿಯಲ್ಲಿ ವಿಂಡೋಸ್ 7 ಇನ್ನೂ ಐದು ಉಂಟು, ಬದಲಿಸಿ ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ. ಸ್ಕ್ರಿಪ್ಟ್ ಓಡದಂತೆ ತಡೆಯುವ ಎಕ್ಸಿಕ್ಯೂಷನ್ ಪಾಲಿಸಿಯ ಕಿರಿಕಿರಿ ಬೇರೆ. ಹೊಸ ಕಂಪ್ಯೂಟರುಗಳು ಮಾತ್ರ ಇರುವವರು ಕಣ್ಣುಮುಚ್ಚಿ ಇದನ್ನೇ ಹಿಡಿಯಿರಿ.

ಪೈಥಾನಲ್ಲೂ ಆಗುತ್ತದೆ. 43 ಕಡೆ ಅದನ್ನು ಹಾಕುವವರು ಯಾರು?

ಇನ್ನು ನನ್ನ ರೆಗ್. "ರೆಗ್ ಕ್ವೆರಿ" ಬರೆದು, ಕೀ ಕೊಟ್ಟು, ಕೊನೆಯಲ್ಲಿ "/ರೆಗ್:64" ಸೇರಿಸಿದರೆ ಮುಗಿಯಿತು. 32 ಬಿಟ್ ಏಜೆಂಟ್ ಓಡಿಸಿದರೂ, ನಾನು ಕೈಯಿಂದ ಓಡಿಸಿದರೂ ಒಂದೇ ಉತ್ತರ. ಇನ್ನೊಂದು ಕಪಾಟು ಬೇಕಾದರೆ 64ರ ಜಾಗದಲ್ಲಿ 32. ವಿಂಡೋಸ್ 7ರಿಂದ 11ರ ತನಕ ಎಲ್ಲದರಲ್ಲೂ ಓಡಿತು. ಎಆರ್‌ಎಂ ಪ್ರೊಸೆಸರಿನ ಲ್ಯಾಪ್‌ಟಾಪ್ ಒಂದು ರಿಪೇರಿಗೆ ಬಂದಿತ್ತು, ಗಿರಾಕಿಯನ್ನು ಕೇಳಿ ಅದರಲ್ಲೂ ನೋಡಿದೆ. ಅಲ್ಲಿ ಎಆರ್‌ಎಂ64, ಎಕ್ಸ್64 (ಎಎಂಡಿ64ರದ್ದೇ ಇನ್ನೊಂದು ಹೆಸರು) ಎರಡಕ್ಕೂ ಒಂದೇ ಕಪಾಟು. ಎಕ್ಸ್86ಕ್ಕೆ ಬೇರೆ. ನನ್ನ ಸಾಲಿನಲ್ಲಿ ಒಂದಕ್ಷರ ಬದಲಿಸಬೇಕಾಗಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಉತ್ತರ ಬರುವುದು ಹೆಸರು, ಬಗೆ, ವ್ಯಾಲ್ಯೂ ಮೂರೂ ಸೇರಿದ ಒಂದು ಸಾಲಾಗಿ. ಬ್ಯಾಚ್ ಫೈಲಲ್ಲಿ "ಫಾರ್ /ಎಫ್" ಹಾಕಿ ಮೂರನೇ ತುಂಡು ಎತ್ತಿಕೊಳ್ಳಬೇಕು. ವ್ಯಾಲ್ಯೂ ನಡುವೆ ಖಾಲಿ ಜಾಗ ಇದ್ದರೆ ಮೊದಲ ಪದ ಮಾತ್ರ ಸಿಗುತ್ತದೆ. ಮೂರನೆಯದರಿಂದ ಕೊನೆಯ ತನಕ ಪೂರಾ ಎತ್ತು ಅಂತ ನಕ್ಷತ್ರ ಚಿಹ್ನೆ ಹಾಕಬೇಕು. ಅಷ್ಟೇ, ಒಂದು ಸಲ ಕಲಿತರೆ ಆಯಿತು.

ಬುಧವಾರ ರಾತ್ರಿ ಹೊಸ ಬ್ಯಾಚ್ ಫೈಲ್ ಬಿಟ್ಟೆ, ಗುರುವಾರ ಮಧ್ಯಾಹ್ನದೊಳಗೆ 43 ಸಾಲೂ ತುಂಬಿತು. ನಂಬರುಗಳು ಮಾತ್ರ 41. ಬ್ರಹ್ಮಾವರದ ಮೂರು ಕಂಪ್ಯೂಟರಿಗೆ ಒಂದೇ ಗ್ವಿಡ್. ಹೋದ ವರ್ಷ ಸಮಯ ಉಳಿಸಲಿಕ್ಕೆ ಅಂತ ಒಂದೇ ಹಾರ್ಡ್‌ಡಿಸ್ಕನ್ನು ಕ್ಲೋನ್ ಮಾಡಿ ಮೂರಕ್ಕೂ ಹಾಕಿದವನು ನಾನೇ. ಭಾನುವಾರ ಮತ್ತೆ ಸ್ಕೂಟರ್ ತೆಗೆಯಬೇಕು.