ಮಳೆ ಲೆಕ್ಕದ ಕಡತಗಳಿಗೆ ‘ಆಕ್’: ಎರಡು ಮಳೆಗಾಲ ಬಳಸಿದ ಮೇಲಿನ ಅಭಿಪ್ರಾಯ

ಸುಂಟಿಕೊಪ್ಪದ ಸಮೀಪದ ಕಾಫಿ ತೋಟವೊಂದರಲ್ಲಿ ರೈಟರ್ ಕೆಲಸ ಮಾಡುವ ನನಗೆ ಕಂಪ್ಯೂಟರ್ ವಿಜ್ಞಾನದ ಓದಿಲ್ಲ. ಹಾಜರಿ, ಕುಯ್ಲಿನ ತೂಕ, ಗೊಬ್ಬರದ ಲೆಕ್ಕ ಇವುಗಳ ಜೊತೆಗೆ ಮಳೆಮಾಪಕದ ನೀರನ್ನು ಪ್ರತಿದಿನ ಬೆಳಿಗ್ಗೆ ಅಳೆದು ಬರೆದಿಡುವುದೂ ನನ್ನ ಪಾಲಿನ ಕೆಲಸ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು ಮತ್ತು ಸೆಂಟಿನಲ್ಲೇ ಹೇಳುವ ರೂಢಿಯಿದೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಮೇಲೆ ಹಳೆಯ ಮಳೆ ಲೆಕ್ಕವನ್ನು ಕೇಳುವವರು ನಮ್ಮಲ್ಲಿ ಹೆಚ್ಚಾದರು. ಆದ್ದರಿಂದ ಸುಂಟಿಕೊಪ್ಪ, ಮಾದಾಪುರ, ನಾಪೋಕ್ಲು ಮತ್ತು ಭಾಗಮಂಡಲದ ಕಡೆಯ ನಾಲ್ಕು ತೋಟಗಳವರು ಸೇರಿ ಎಂಟು ವರ್ಷಗಳ ಅಂಕಿಗಳನ್ನು ಸಾದಾ ಪಠ್ಯ ಕಡತಗಳಲ್ಲಿ ಟೈಪು ಮಾಡಿಸಿದೆವು. ದಿನಕ್ಕೊಂದು ಸಾಲು, ಸಾಲಿನಲ್ಲಿ ದಿನಾಂಕ, ಊರು, ಇಂಚು, ಒಟ್ಟು ಹನ್ನೊಂದೂವರೆ ಸಾವಿರಕ್ಕೂ ಹೆಚ್ಚು ಸಾಲುಗಳು. ಅವುಗಳಿಂದ ಬೇಕಾದದ್ದನ್ನು ಸೋಸಿ ತೆಗೆಯಲು ಎರಡು ಮಳೆಗಾಲ ನಾನು ಬಳಸಿರುವ ‘ಆಕ್’ ಎಂಬ ಸ್ಕ್ರಿಪ್ಟಿಂಗ್ ಭಾಷೆಯ ಕುರಿತು ಈ ಬರಹ.

ಆಕ್ ಹೊಸದೇನಲ್ಲ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಏಹೋ, ವೈನ್‌ಬರ್ಗರ್ ಮತ್ತು ಕರ್ನಿಹಾನ್ ಎಂಬ ಮೂವರು ಇದನ್ನು ರೂಪಿಸಿದರು. ಅವರ ಹೆಸರುಗಳ ಮೊದಲ ಅಕ್ಷರಗಳೇ ಭಾಷೆಯ ಹೆಸರಾದವು. ಬೆಲೆಯಿಲ್ಲ, ವಿಂಡೋಸ್ ಬದಲು ಲಿನಕ್ಸ್ ಹಾಕಿದ ಯಾವುದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಇದರ ಒಂದಲ್ಲ ಒಂದು ರೂಪ ಸಾಮಾನ್ಯವಾಗಿ ಮೊದಲೇ ಇರುತ್ತದೆ, ಇಂಟರ್ನೆಟ್ ಬೇಕಿಲ್ಲ. ಜುಲೈ ತಿಂಗಳಲ್ಲಿ ಮರ ಬಿದ್ದು ಮೂರು ದಿನ ಕರೆಂಟೂ ನೆಟ್‌ವರ್ಕೂ ಇಲ್ಲದೆ ಕುಳಿತವರಿಗೆ ಈ ಕೊನೆಯ ಮಾತಿನ ತೂಕ ಗೊತ್ತಾಗುತ್ತದೆ.

ಇದರ ಹೆಚ್ಚುಗಾರಿಕೆ ಎಲ್ಲಿದೆಯೆಂದರೆ, ಕಡತವನ್ನು ತೆರೆಯುವುದು, ಒಂದೊಂದೇ ಸಾಲನ್ನು ಓದುವುದು, ಸಾಲನ್ನು ಖಾಲಿ ಜಾಗಗಳಲ್ಲಿ ಕತ್ತರಿಸಿ ಕಾಲಂಗಳನ್ನಾಗಿ ಮಾಡುವುದು, ಕೊನೆಗೆ ಕಡತವನ್ನು ಮುಚ್ಚುವುದು ಇವೆಲ್ಲವನ್ನೂ ಆಕ್ ತಾನೇ ಮಾಡಿಕೊಳ್ಳುತ್ತದೆ. ನಾವು ಬರೆಯಬೇಕಾದದ್ದು ಷರತ್ತನ್ನು ಮಾತ್ರ. ಷರತ್ತಿಗೆ ಒಪ್ಪುವ ಸಾಲು ಪರದೆಯ ಮೇಲೆ ಬರುತ್ತದೆ, ಒಪ್ಪದ ಸಾಲು ಸುಮ್ಮನೆ ದಾಟಿಹೋಗುತ್ತದೆ. ಡಾಲರ್ ಗುರುತಿನ ಮುಂದೆ ಅಂಕಿ ಹಾಕಿದರೆ ಅಷ್ಟನೆಯ ಕಾಲಂ ಎಂದರ್ಥ. ಮಾದಾಪುರದಲ್ಲಿ ಎರಡು ಇಂಚಿಗಿಂತ ಹೆಚ್ಚು ಮಳೆಯಾದ ದಿನಗಳು ಬೇಕೆಂದರೆ ಇಡೀ ಪ್ರೋಗ್ರಾಂ ಇಷ್ಟೇ:

/ಮಾದಾಪುರ/ && $3 > 2

ಓರೆಗೆರೆಗಳ ನಡುವಿನ ಪದ ಸಾಲಿನಲ್ಲಿರಬೇಕು, ಜೊತೆಗೆ ಮೂರನೆಯ ಕಾಲಂ ಎರಡಕ್ಕಿಂತ ಹೆಚ್ಚಿರಬೇಕು ಎಂದು ಇದರ ಅರ್ಥ. ಇದರಲ್ಲಿ ಒಂದೂ ಇಂಗ್ಲಿಷ್ ಅಕ್ಷರವಿಲ್ಲ ಎಂಬುದನ್ನು ಗಮನಿಸಬೇಕು. ಒಮ್ಮೆ ಅದೇ ಅಂಕಿಗಳನ್ನು ಎರಡೆರಡು ಸಲ ಅಂಟಿಸಿದ ಕಡತವೊಂದು ನನ್ನ ಕೈಗೆ ಬಂದಿತ್ತು. ಅದರಲ್ಲಿ ಮರುಕಳಿಸಿದ ಸಾಲುಗಳನ್ನು ತೆಗೆದುಹಾಕಲು ಇನ್ನೂ ಚಿಕ್ಕದಾದ ಪ್ರೋಗ್ರಾಂ ಸಾಕಾಯಿತು:

!_[$0]++

ಸೊನ್ನೆಯ ಕಾಲಂ ಎಂದರೆ ಪೂರ್ತಿ ಸಾಲು. ಆ ಸಾಲು ಈ ಮೊದಲು ಎಷ್ಟು ಸಲ ಬಂದಿದೆ ಎಂಬ ಎಣಿಕೆಯನ್ನು ಅಡಿಗೆರೆಯ ಹೆಸರಿನ ಪಟ್ಟಿಯೊಂದರಲ್ಲಿ ಇಟ್ಟುಕೊಂಡು, ಎಣಿಕೆ ಸೊನ್ನೆಯಿದ್ದಾಗ ಮಾತ್ರ ಸಾಲನ್ನು ಪರದೆಗೆ ತರುವುದು ಇದರ ತಂತ್ರ. ಮೊದಲ ಸಲ ಓದುವಾಗ ಮಂತ್ರದಂತೆ ಕಾಣುತ್ತದೆ, ಆದರೆ ಒಂದು ಸಂಜೆ ಕುಳಿತು ಬಿಡಿಸಿಕೊಂಡರೆ ಮತ್ತೆ ಮರೆಯುವುದಿಲ್ಲ. ಊರಿಗೊಂದು, ತಿಂಗಳಿಗೊಂದು ಮೊತ್ತ ತೆಗೆಯುವುದಕ್ಕೂ ಇಂತಹ ಪಟ್ಟಿಯೇ ಆಧಾರ.

ಇನ್ನು ದೂರಿನ ವಿಷಯ. ಹೋದ ವರ್ಷ ಎರಡು ಇಂಚಿಗಿಂತ ಹೆಚ್ಚು ಮಳೆಯ ದಿನಗಳ ಪಟ್ಟಿಯನ್ನು ಮುದ್ರಿಸಿ ತೋಟದ ಯಜಮಾನರ ಮುಂದಿಟ್ಟಾಗ ಅವರು ಕನ್ನಡಕ ಏರಿಸಿ, “ರೈಟ್ರೇ, ಜನವರಿಯಲ್ಲಿ ಎರಡಿಂಚು ಮಳೆ ಯಾವ ಊರಿನಲ್ಲಿ ಬಂತು?” ಎಂದು ಕೇಳಿದರು. ನೋಡಿದರೆ, ಮಳೆಯಿಲ್ಲದ ದಿನಗಳಲ್ಲಿ ಸೊನ್ನೆಯ ಬದಲು ‘ಇಲ್ಲ’ ಎಂದು ಟೈಪು ಮಾಡಿದ್ದ ಸಾಲುಗಳೆಲ್ಲವೂ ಪಟ್ಟಿಯಲ್ಲಿ ಬಂದು ಕುಳಿತಿದ್ದವು. ಅದಕ್ಕಿಂತ ಕೆಟ್ಟದ್ದೆಂದರೆ, ಭಾಗಮಂಡಲದ ಕಡೆಯ ತೋಟದಲ್ಲಿ ಒಂದೇ ದಿನ ಹತ್ತೂವರೆ ಇಂಚು ಸುರಿದಿದ್ದ ಆಗಸ್ಟ್‌ನ ದಿನ ಪಟ್ಟಿಯಲ್ಲೇ ಇರಲಿಲ್ಲ. ಆ ಸಾಲಿನಲ್ಲಿ ‘10.5ಇಂಚು’ ಎಂದು ಅಂಕಿಗೂ ಪದಕ್ಕೂ ನಡುವೆ ಜಾಗ ಬಿಡದೆ ಬರೆದಿತ್ತು.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಕಾಲಂನಲ್ಲಿರುವುದು ಪೂರ್ತಿಯಾಗಿ ಅಂಕಿಯಂತೆ ಕಂಡರೆ ಮಾತ್ರ ಆಕ್ ಅದನ್ನು ಅಂಕಿಯಾಗಿ ಹೋಲಿಸುತ್ತದೆ. ಇಲ್ಲವಾದರೆ ನಿಘಂಟಿನ ಪದಗಳಂತೆ ಅಕ್ಷರಕ್ಕೆ ಅಕ್ಷರ ಇಟ್ಟು ಹೋಲಿಸುತ್ತದೆ. ಕಂಪ್ಯೂಟರಿನ ಅಕ್ಷರಗಳ ಸಾಲಿನಲ್ಲಿ ‘ಇ’ ಅಕ್ಷರವು ‘2’ರ ನಂತರ ಬರುವುದರಿಂದ ‘ಇಲ್ಲ’ ಎಂಬುದು ಎರಡಕ್ಕಿಂತ ದೊಡ್ಡದಾಯಿತು, ‘10.5ಇಂಚು’ ಎಂಬುದರ ಮೊದಲ ಗುರುತು ‘1’ ಆದ್ದರಿಂದ ಅದು ಎರಡಕ್ಕಿಂತ ಚಿಕ್ಕದಾಯಿತು. ಕಾಲಂಗೆ ಸೊನ್ನೆ ಕೂಡಿಸಿ, $3+0 > 2 ಎಂದು ಬರೆದರೆ ಹೋಲಿಕೆ ಕಡ್ಡಾಯವಾಗಿ ಅಂಕಿಯದ್ದಾಗುತ್ತದೆ. ಆದರೆ ಆಗ ಇನ್ನೊಂದು ತೊಡಕು ತಲೆಯೆತ್ತುತ್ತದೆ. ಕೂಡುವಾಗ ಆಕ್ ಮೊದಲಿನಿಂದ ಎಷ್ಟು ಅಂಕಿ ಅರ್ಥವಾಗುತ್ತದೋ ಅಷ್ಟನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ: ‘1,20’ ಎಂಬುದು ಬರೀ ಒಂದಾಗುತ್ತದೆ, ಕನ್ನಡ ಅಂಕಿಯಲ್ಲಿ ಬರೆದ ‘೧.೨೦’ ಸೊನ್ನೆಯಾಗುತ್ತದೆ. ಎಚ್ಚರಿಕೆಯ ಒಂದು ಮಾತೂ ಬರುವುದಿಲ್ಲ. ಹೂಮಳೆಯ ಲೆಕ್ಕದಲ್ಲಿ ಇಂತಹ ಇಪ್ಪತ್ತು ಸೆಂಟಿನ ತಪ್ಪು ಸಣ್ಣದಲ್ಲ. ಮಾರ್ಚ್‌ನಲ್ಲಿ ಬಿದ್ದ ಮಳೆ ಮೊಗ್ಗು ಅರಳಲು ಸಾಕೇ, ಸ್ಪ್ರಿಂಕ್ಲರ್ ಹಚ್ಚಬೇಕೇ ಎಂದು ತೀರ್ಮಾನಿಸುವುದೇ ಆ ಸೆಂಟುಗಳ ಮೇಲೆ.

ಇದೇ ಕೆಲಸವನ್ನು ಇನ್ನೊಂದು ಭಾಷೆಯಾದ ಪೈಥಾನ್‌ನಲ್ಲಿ ಮಾಡಿ ನೋಡಿದೆ. ಕಡತ ತೆರೆಯುವುದರಿಂದ ಹಿಡಿದು ಸಾಲು ಕತ್ತರಿಸುವವರೆಗೆ ಎಲ್ಲವನ್ನೂ ನಾವೇ ಬರೆಯಬೇಕು, ಒಂದು ಸಾಲಿನ ಕೆಲಸ ಆರೇಳು ಸಾಲಾಗುತ್ತದೆ. ಆದರೆ ‘ಇಲ್ಲ’ ಎಂಬುದನ್ನು ಅಂಕಿಯಾಗಿಸಲು ಹೇಳಿದರೆ ಅದು ಅಲ್ಲೇ ನಿಂತು ತಪ್ಪನ್ನು ತೋರಿಸುತ್ತದೆ. ‘೧.೨೦’ ಎಂಬುದನ್ನು ಒಂದು ಇಂಚು ಇಪ್ಪತ್ತು ಸೆಂಟು ಎಂದೇ ಓದುತ್ತದೆ. ಅಷ್ಟೇ ಅಲ್ಲ, ಅಂಕಿಯನ್ನು ಹಿಡಿದಿಡುವ ಚರಾಂಶಕ್ಕೆ ‘ಮೊತ್ತ’ ಎಂದು ಕನ್ನಡದಲ್ಲೇ ಹೆಸರಿಡಲೂ ಬಿಡುತ್ತದೆ. ಆಕ್‌ನಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಇಷ್ಟಾದರೂ ನಾನು ಆಕ್ ಬಿಡಲಿಲ್ಲ, ಏಕೆಂದರೆ ಹಾಳು ಸಾಲುಗಳನ್ನು ಹಿಡಿಯುವ ಜರಡಿಯನ್ನೂ ಅದರಲ್ಲೇ ಒಂದು ಸಾಲಿನಲ್ಲಿ ಹೆಣೆಯಬಹುದು:

$3 !~ /^[0-9]+(\.[0-9]+)?$/

ಮೂರನೆಯ ಕಾಲಂನಲ್ಲಿ ಶುದ್ಧ ಅಂಕಿಯಲ್ಲದ ಏನಿದ್ದರೂ ಆ ಸಾಲನ್ನು ಇದು ಎತ್ತಿ ತೋರಿಸುತ್ತದೆ. ಊರಿನ ಹೆಸರನ್ನು ಎರಡು ಪದದಲ್ಲಿ ಬರೆದು ಕಾಲಂ ಜರುಗಿಹೋದ ಸಾಲುಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ. ಮೊದಲು ಈ ಜರಡಿಯನ್ನು ಹಾಯಿಸಿ, ಸಿಕ್ಕ ಸಾಲುಗಳನ್ನು ಕೈಯಾರೆ ತಿದ್ದಿ, ಆಮೇಲಷ್ಟೇ ಮೊತ್ತಕ್ಕೆ ಕೈಹಾಕುವುದನ್ನು ಈಗ ಅಭ್ಯಾಸ ಮಾಡಿಕೊಂಡಿದ್ದೇನೆ. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಕಡತವನ್ನು ಲಿನಕ್ಸ್‌ಗೆ ತಂದರೆ ಮಾತ್ರ ಪ್ರತಿಯೊಂದು ಸಾಲೂ ಹಾಳೆಂದು ತೋರಬಹುದು. ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಗುರುತೊಂದು ಉಳಿದುಕೊಳ್ಳುವುದೇ ಅದಕ್ಕೆ ಕಾರಣ. ಡಾಸ್‌ಟುಯುನಿಕ್ಸ್ ಎಂಬ ಪುಟ್ಟ ಸಾಧನವನ್ನು ಒಮ್ಮೆ ಓಡಿಸಿದರೆ ಅದು ಹೋಗುತ್ತದೆ.

ಪರ್ಲ್ ಎಂಬ ಮತ್ತೊಂದು ಭಾಷೆಯ ಕುರಿತು ಹೆಚ್ಚು ಹೇಳಲಾರೆ. 1987ರಲ್ಲಿ ಬಂದ ಅದೂ ಒಂದೇ ಸಾಲಿನಲ್ಲಿ ಕಡತ ಸೋಸಬಲ್ಲದು, ಎಚ್ಚರಿಕೆಯ ಆಯ್ಕೆಯನ್ನು ಕೊಟ್ಟರೆ ಅಂಕಿಯಲ್ಲದ್ದನ್ನು ಕೂಡುವಾಗ ಗದರುತ್ತದೆ ಕೂಡ. ಆದರೆ ನಾನೇ ಬರೆದದ್ದು ಎರಡು ತಿಂಗಳ ನಂತರ ನನಗೇ ಅರ್ಥವಾಗಲಿಲ್ಲ.

ಕೊಳ್ಳುವ ಖರ್ಚಿಲ್ಲದಿದ್ದರೂ ಯಾವ ಆಕ್ ಎಂದು ಆರಿಸಿಕೊಳ್ಳುವುದರಲ್ಲಿ ಎಚ್ಚರ ಬೇಕು. ಲಿನಕ್ಸ್‌ನ ಬಗೆಗಳಾದ ಉಬುಂಟು, ಡೆಬಿಯನ್‌ಗಳಲ್ಲಿ ಸಾಮಾನ್ಯವಾಗಿ ಮೊದಲೇ ಇರುವುದು ‘ಮಾಕ್’ ಎಂಬ ರೂಪ. ಅದು ವೇಗದ್ದು, ಆದರೆ ಅಕ್ಷರಗಳನ್ನು ಎಣಿಸದೆ, ಅವನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಸಣ್ಣ ತುಣುಕುಗಳಾದ ಬೈಟ್‌ಗಳನ್ನು ಎಣಿಸುತ್ತದೆ. ‘ನಾಪೋಕ್ಲು’ ಪದದ ಉದ್ದ ಕೇಳಿದರೆ ಮಾಕ್ 24 ಎನ್ನುತ್ತದೆ, ಗ್ನೂ ಯೋಜನೆಯ ‘ಗಾಕ್’ 8 ಎನ್ನುತ್ತದೆ; ನಮ್ಮ ಬಾಯಿಯ ಲೆಕ್ಕದಲ್ಲಿ ಮೂರೇ ಅಕ್ಷರ. ಗಾಕ್‌ನ ಎಣಿಕೆಯೂ ಪೂರ್ತಿ ನಮ್ಮದಲ್ಲ, ಗುಣಿತದ ಗುರುತನ್ನೂ ಅರ್ಧಾಕ್ಷರದ ಗುರುತಾದ ವಿರಾಮವನ್ನೂ ಅದು ಬೇರೆಬೇರೆಯಾಗಿ ಲೆಕ್ಕ ಹಿಡಿಯುತ್ತದೆ. ಆದರೂ ಕನ್ನಡ ಪಠ್ಯಕ್ಕೆ ಗಾಕ್ ಹಾಕಿಕೊಳ್ಳುವುದೇ ಸರಿ. ಸ್ಪ್ರೆಡ್‌ಶೀಟಿನಿಂದ ಇಳಿಸಿದ ಅಲ್ಪವಿರಾಮದ ಕಡತಗಳನ್ನು ಸರಿಯಾಗಿ ಓದುವ ಆಯ್ಕೆಯು 2023ರ ಗಾಕ್ 5.3ರಲ್ಲಷ್ಟೇ ಬಂದಿದೆ, ಉಬುಂಟು 22.04ರಲ್ಲಿ ಸಿಗುವುದು 5.1 ಆದ್ದರಿಂದ ಹಳೆಯ ಯಂತ್ರದವರಿಗೆ ಆ ಸೌಲಭ್ಯವಿಲ್ಲ.

ಯಾವ ಆಕ್ ಕೂಡ ತಾನಾಗಿ ಬಗೆಹರಿಸದ ತೊಂದರೆಯೊಂದು ಉಳಿದಿದೆ. ‘ಪೋ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದೇ ಗುಣಿತ ಚಿಹ್ನೆಯಿಂದಲೂ ಬರೆಯಬಹುದು, ಹ್ರಸ್ವದ ಚಿಹ್ನೆಗೆ ದೀರ್ಘದ ಗುರುತನ್ನು ಬೇರೆಯಾಗಿ ಸೇರಿಸಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಇಬ್ಬರು ಎರಡು ಬಗೆಯ ಕೀಲಿಮಣೆಯಲ್ಲಿ ಟೈಪು ಮಾಡಿದ್ದ ಕಡತದಲ್ಲಿ ನಾಪೋಕ್ಲುವಿನ ಅರ್ಧದಷ್ಟು ಸಾಲುಗಳು ಹುಡುಕಾಟಕ್ಕೆ ಸಿಗದೆ ಹೋದದ್ದು ಇದರಿಂದಲೇ. ಬೇಸತ್ತು ನಾನು ಊರಿನ ಹೆಸರುಗಳನ್ನೇ ತೆಗೆದು, ತೋಟಗಳಿಗೆ ಒಂದರಿಂದ ನಾಲ್ಕರವರೆಗೆ ಅಂಕಿ ಕೊಟ್ಟಿದ್ದೇನೆ. ಕಡತ ಈಗ ಸರಿಯಾಗಿ ಸೋಸುತ್ತಿದೆ. ತಮ್ಮ ತೋಟಕ್ಕೆ ನಾಲ್ಕನೆಯ ಅಂಕಿ ಏಕೆ ಬಂತೆಂದು ನಾಪೋಕ್ಲುವಿನವರು ಮಾತ್ರ ಇನ್ನೂ ಕೇಳುತ್ತಲೇ ಇದ್ದಾರೆ.