ಹಳೆಯ ಟ್ರಕ್ ಮಾಡೆಲ್‌ನ ಬಣ್ಣ ತೆಗೆಯಲು ಆಲ್ಕೋಹಾಲೋ, ಬ್ರೇಕ್ ಆಯಿಲೋ?

ಅಮೆರಿಕದ ಮಾಡೆಲ್ ಕಂಪನಿ ಎಎಂಟಿಯ ಪೀಟರ್‌ಬಿಲ್ಟ್ 359 ಟ್ರಕ್ಕಿನಂತಹ, 1:25 ಅಳತೆಯ ಹಳೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್ಟಿಗೆ ಮರಳಿ ಬಣ್ಣ ಬಳಿಯುವವರು, ಹೊಸ ಬಣ್ಣ ಯಾವುದೆಂದು ಯೋಚಿಸುವ ಮೊದಲು ಹಳೆಯದನ್ನು ತೆಗೆಯುವ ಬಗೆಯನ್ನು ನಿರ್ಧರಿಸಬೇಕು.

ಐಸೊಪ್ರೊಪೈಲ್ ಆಲ್ಕೋಹಾಲ್ ಅಕ್ರಿಲಿಕ್ ಬಣ್ಣವನ್ನು ಬೇಗ ಸಡಿಲಿಸುತ್ತದೆ ಮತ್ತು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಸಾಮಾನ್ಯವಾಗಿ ಹಾನಿ ಮಾಡುವುದಿಲ್ಲ. ಬೆಂಕಿಯಿಂದ ದೂರವಿಟ್ಟು, ಗಾಳಿಯಾಡುವ ಕಡೆ ಬಳಸಿದರಾಯಿತು. ಆದರೆ ವರ್ಷಗಟ್ಟಲೆ ಒಣಗಿ ಗಟ್ಟಿಯಾದ ಎನಾಮೆಲ್ ಬಣ್ಣದ ಮೇಲೆ ಅದರ ಆಟ ಹೆಚ್ಚು ನಡೆಯದು.

ಅಲ್ಲಿ ನೆರವಾಗುವುದು ಗ್ಲೈಕಾಲ್ ಆಧಾರಿತ ಡಾಟ್ 3 ಅಥವಾ ಡಾಟ್ 4 ದರ್ಜೆಯ, ವಾಹನಗಳ ಬ್ರೇಕ್ ಆಯಿಲ್. ಸಿಲಿಕೋನಿನ ಡಾಟ್ 5 ಈ ಕೆಲಸಕ್ಕೆ ಬಾರದು. ಒಂದು ರಾತ್ರಿ ಮುಳುಗಿಸಿಟ್ಟ ಕ್ಯಾಬಿನ್ನನ್ನು ಹೊರತೆಗೆದಾಗ, ಬಾಗಿಲಿನ ಗೆರೆಯೊಳಗೆ ಗಟ್ಟಿಯಾಗಿ ಕೂತಿದ್ದ ಬಣ್ಣವೂ ಸುಕ್ಕುಗಟ್ಟಿ, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸಿಪ್ಪೆಯಂತೆ ಎದ್ದುಬರುವುದನ್ನು ಕಂಡಾಗ ನನಗೆ ಇಂದಿಗೂ ಸಂತೋಷವಾಗುತ್ತದೆ. ಆದರೂ ಕೆಲವು ಪ್ಲಾಸ್ಟಿಕ್ಕುಗಳು ಇದರಲ್ಲಿ ಪೆಡಸಾಗುವುದುಂಟು. ಆದ್ದರಿಂದ ಕನ್ನಡಿಯ ಕಡ್ಡಿಗಳಂತಹ ತೆಳುವಾದ ಭಾಗಗಳನ್ನು ಹೆಚ್ಚು ಹೊತ್ತು ಬಿಡಬಾರದು. ಕೈಗವಸು ಕಡ್ಡಾಯ, ಬಳಸಿದ ಎಣ್ಣೆಯನ್ನು ಚರಂಡಿಗೆ ಸುರಿಯಲೇಬಾರದು. ಸೋಪಿನ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯದೆ ಪ್ರೈಮರ್ (ಹೊಸ ಬಣ್ಣದ ಕೆಳಗಿನ ತಳಪದರ) ಹೊಡೆದರೆ ಅದು ಹಿಡಿಯುವುದಿಲ್ಲ.

ಗಾಜಿನಂತೆ ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಭಾಗಗಳನ್ನು ಎರಡರಲ್ಲಿಯೂ ಅದ್ದಬೇಡಿ. ಅಸಿಟೋನನ್ನಂತೂ ಮುಟ್ಟಲೇಬೇಡಿ, ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಹಳೆಯ ಬಣ್ಣ ಯಾವುದೆಂದು ತಿಳಿಯದಿದ್ದರೆ, ಕ್ಯಾಬಿನ್ನಿನ ಒಳಮೈಯಲ್ಲಿ ಮೊದಲು ಆಲ್ಕೋಹಾಲನ್ನೇ ಹತ್ತಿಯಿಂದ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಅಂಟಿದರೆ ಬ್ರೇಕ್ ಆಯಿಲಿನ ಗೊಡವೆಯೇ ಬೇಕಾಗಿಲ್ಲ.