ಆಚೆಕರೆಗೆ ನಾಲ್ಕು ದಾರಿ: ಜಗಲಿಯಲ್ಲಿ ಆಡಿ ನೋಡಿದ ಮಾಯಾಲೋಕಗಳು

ಮೇ ಕೊನೆಗೆ ಪತ್ತನಾಜೆಯ ದಿನ ಕಳೆದರೆ ನಮ್ಮ ಕಡೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬಯಲಾಟ ಇಲ್ಲ, ಕೋಲ ಇಲ್ಲ. ಬದಿಯಡ್ಕದಿಂದ ಇನ್ನೂ ಒಳಗಿರುವ ನಮ್ಮ ಮನೆಯಲ್ಲಿ ಒಂದು ಗಾಳಿ ಬೀಸಿದರೆ ಕರೆಂಟೂ ಇಲ್ಲ. ಆಗ ಜಗಲಿಯಲ್ಲಿ ಚಾಪೆ ಹಾಸಿ, ಎಮರ್ಜೆನ್ಸಿ ಲೈಟು ಇಟ್ಟು, ದಾಳದ ಡಬ್ಬಿ ತೆಗೆದು ರೋಲ್ ಪ್ಲೇಯಿಂಗ್ ಗೇಮ್ ಆಡುತ್ತೇವೆ. ನಾಲ್ಕು ವರ್ಷದಿಂದ ನಮ್ಮ ಮಳೆಗಾಲ ಕಳೆಯುವುದು ಹೀಗೇ.

ಗೊತ್ತಿಲ್ಲದವರಿಗೆ ಎರಡು ಮಾತು. ರೋಲ್ ಪ್ಲೇಯಿಂಗ್ ಗೇಮ್‌ನಲ್ಲಿ ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. 'ನಾನು ಬಾಗಿಲು ತಳ್ಳುತ್ತೇನೆ' ಅಂದರೆ ಸಾಕು, ಅದು ತೆರೆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಇದೆಲ್ಲ ಶುರುವಾಯಿತು. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ತೀರಾ ಹೊಸತಲ್ಲ. ಅಲ್ಲೂ ವೇಷ ಇಲ್ಲ, ಕುಳಿತಲ್ಲೇ ಪಾತ್ರ, ಮಾತು ಆಗಲೇ ಹುಟ್ಟಬೇಕು. ಹಾಗಾಗಿ ಕತೆ ನಡೆಸುವ ನನಗೆ ನಮ್ಮ ಗುಂಪಿನಲ್ಲಿ ಭಾಗವತ ಅಂತಲೇ ಹೆಸರು. ನನಗೆ ಒಂದು ಪದ ಹೇಳಲೂ ಬರುವುದಿಲ್ಲ, ಅದು ಬೇರೆ ವಿಷಯ.

ಆಡುವವರು ನಾಲ್ಕು ಜನ. ಅಡಿಕೆ ತೋಟದ ಭಾವ. ತಾಳಮದ್ದಳೆಯಲ್ಲಿ ಅರ್ಥ ಹೇಳುವ, ಶಾಲೆಯಿಂದ ನಿವೃತ್ತರಾದ ಮಾಸ್ಟ್ರು. ಕಾಸರಗೋಡು ಪೇಟೆಯಿಂದ ಬೈಕಿನಲ್ಲಿ ಬರುವ ಮಲಯಾಳಿ ಗೆಳೆಯ. ಕಾಲೇಜಿಗೆ ಹೋಗುವ ಅಕ್ಕನ ಮಗಳು. ರೂಲ್ಸ್ ಇಂಗ್ಲಿಷಿನಲ್ಲಿ, ಕತೆ ಕನ್ನಡದಲ್ಲಿ, ತಮಾಷೆ ತುಳುವಿನಲ್ಲಿ, ಜಗಳ ಮಲಯಾಳದಲ್ಲಿ.

ಇಂಥ ಆಟಗಳಲ್ಲಿ ಫೇರಿಗಳ ಲೋಕ ಒಂದು ಇದ್ದೇ ಇರುತ್ತದೆ. ನಮ್ಮ ಲೋಕದ ಪಕ್ಕದಲ್ಲೇ ಇದ್ದರೂ ಅಲ್ಲಿ ಕಾಲ ಬೇರೆ, ಕಾನೂನು ಬೇರೆ. ಕನ್ನಡದಲ್ಲಿ ಅದನ್ನು ಏನಂತ ಕರೆಯುವುದು ಅಂತ ಒಂದು ಸಂಜೆ ಪೂರ್ತಿ ಚರ್ಚೆ ಆಯಿತು. ಕಿನ್ನರ ಲೋಕ ಅಂದರೆ ಮಕ್ಕಳ ಕತೆ ಆಗುತ್ತದೆ. ಯಕ್ಷಿ ಲೋಕ ಅಂದರೆ ನಮ್ಮಲ್ಲಿ ನೆನಪಾಗುವುದು ಪಾಲೆಮರದ ಯಕ್ಷಿ, ರಾತ್ರಿ ದಾರಿಹೋಕನ ಹತ್ತಿರ ಸುಣ್ಣ ಕೇಳುವವಳು. ಬೆಳಿಗ್ಗೆ ಅವನ ಉಗುರು ಕೂದಲು ಮಾತ್ರ ಸಿಗುತ್ತದೆ. ಊರಿನ ದೈವಗಳನ್ನು ಆಟಕ್ಕೆ ಎಳೆಯುವುದಿಲ್ಲ ಅಂತ ಮೊದಲೇ ತೀರ್ಮಾನ ಆಗಿತ್ತು. 'ಗುಳಿಗನ ಹೆಸರೆತ್ತಿದರೆ ಚಾ ಸಿಕ್ಕಲಿಕ್ಕಿಲ್ಲ' ಅಂತ ಅಮ್ಮ ಒಳಗಿನಿಂದಲೇ ಹೇಳಿಬಿಟ್ಟಿದ್ದರು. ಕೊನೆಗೆ ಮಾಸ್ಟ್ರು 'ಆಚೆಕರೆ' ಅಂದರು. ಹಿಂದೆ ಚಂದ್ರಗಿರಿ ಹೊಳೆಯೇ ತುಳುನಾಡಿಗೂ ಮಲೆಯಾಳಕ್ಕೂ ಗಡಿ. ದಾಟಿದರೆ ಭಾಷೆ ಬೇರೆ, ಕ್ರಮ ಬೇರೆ. ಆ ಹೆಸರೇ ನಿಂತಿತು.

ನಾಲ್ಕು ಮಳೆಗಾಲದಲ್ಲಿ ನಾಲ್ಕು ಆಚೆಕರೆ ನೋಡಿದೆವು. ನಾನು ಅಳೆಯುವುದು ಒಂದೇ ಅಳತೆಯಲ್ಲಿ. ಆಚೆಗೆ ಹೋಗಿ ಬಂದವನಿಗೆ ಎಷ್ಟು ಖರ್ಚಾಯಿತು? ಏನೂ ಖರ್ಚಾಗದಿದ್ದರೆ ಅದು ಮಾಯಾಲೋಕ ಅಲ್ಲ, ಪಿಕ್‌ನಿಕ್.

ಮೊದಲು ಹೋದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಫೇವೈಲ್ಡ್‌ಗೆ. 2008ರ ನಾಲ್ಕನೇ ಆವೃತ್ತಿಯಲ್ಲಿ ಈ ಹೆಸರು ಬಂತು. 2021ರ ಸೆಪ್ಟೆಂಬರಿನಲ್ಲಿ 'ದಿ ವೈಲ್ಡ್ ಬಿಯಾಂಡ್ ದಿ ವಿಚ್‌ಲೈಟ್' ಅಂತ ಇದಕ್ಕೇ ಒಂದು ಇಡೀ ಪುಸ್ತಕ ಬಂತು. ನಾವು ಆಡಿದ್ದು ಅದನ್ನೇ. ನನ್ನ ಪ್ರತಿ ಮಳೆಯಲ್ಲಿ ನೆಂದು ಹಪ್ಪಳದ ಹಾಗೆ ಉಬ್ಬಿ ಬಂತು. ತಂದ ಕೊರಿಯರಿನವರ ಹೆಸರು ಹೇಳುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಈಗಲೂ ಹೊಗೆಯ ವಾಸನೆ ಇದೆ.

ಕತೆ ಜಾತ್ರೆಯಿಂದ ಶುರು. ಎಂಟು ವರ್ಷಕ್ಕೊಮ್ಮೆ ಬರುವ ಜಾತ್ರೆ. ಪಾತ್ರಗಳು ಚಿಕ್ಕವರಿದ್ದಾಗ ಟಿಕೆಟ್ ಇಲ್ಲದೆ ಅದರೊಳಗೆ ನುಗ್ಗಿದ್ದರು, ಆಗ ಒಬ್ಬೊಬ್ಬರು ಒಂದೊಂದು ಕಳೆದುಕೊಂಡರು. ಕಳೆದದ್ದು ಚಪ್ಪಲಿ, ಪರ್ಸು ಅಲ್ಲ. ಒಬ್ಬರಿಗೆ ಗುಟ್ಟು ಕಾಪಾಡುವ ಶಕ್ತಿ ಹೋಗಿರುತ್ತದೆ, ಇನ್ನೊಬ್ಬರಿಗೆ ನಗುವ ಶಕ್ತಿ. ಅಕ್ಕನ ಮಗಳು ಮೊಲದ ಜಾತಿಯ ಹುಡುಗಿಯ ಪಾತ್ರ ತೆಗೆದುಕೊಂಡಳು, ನಗು ಕಳೆದುಕೊಂಡವಳು. ನಿಜವಾಗಿಯೂ ಆರು ಶನಿವಾರ ಜಗಲಿಯಲ್ಲಿ ನಗಲಿಲ್ಲ. ಮಲಯಾಳಿ ಗೆಳೆಯ ಏನೆಲ್ಲ ಕೋತಿಚೇಷ್ಟೆ ಮಾಡಿದರೂ ಮುಖ ಬಿಗಿದೇ ಕೂತಿದ್ದಳು. ಏಳನೇ ವಾರ ಪಾತ್ರಕ್ಕೆ ನಗು ವಾಪಸ್ ಸಿಕ್ಕಿತು. ಅವತ್ತು ಅವಳು ನಕ್ಕದ್ದು ನೋಡಿ ಅಮ್ಮ ಅಡುಗೆಮನೆಯಿಂದ ಎದ್ದು ಬಂದರು.

ಆಚೆಕರೆಯ ಒಂದು ತುಂಡು ಇಲ್ಲಿ ಪ್ರಿಸ್ಮೀರ್ ಎಂಬ ನಾಡು. ಮೂರು ಮಾಟಗಾರ್ತಿ ಮುದುಕಿಯರು ಅದನ್ನು ಮೂರು ಪಾಲು ಮಾಡಿಕೊಂಡಿದ್ದಾರೆ. ಅಲ್ಲಿ ಮೂರು ಕಟ್ಟಳೆ. ಮನೆಗೆ ಬಂದವರನ್ನು ನೋಡಿಕೊಳ್ಳಬೇಕು, ಇನ್ನೊಬ್ಬರ ವಸ್ತು ಕದಿಯಬಾರದು, ಉಡುಗೊರೆ ತೆಗೆದುಕೊಂಡರೆ ತಿರುಗಿ ಕೊಡಬೇಕು. ಮಾಸ್ಟ್ರಿಗೆ ಇದು ಸಿಕ್ಕಿದ್ದೇ ತಡ, ಕತ್ತಿ ಕೆಳಗಿಟ್ಟರು. ಈ ಕತೆಯನ್ನು ಒಂದೂ ಹೊಡೆದಾಟ ಇಲ್ಲದೆ ಮುಗಿಸಬಹುದು, ಪುಸ್ತಕವೇ ಹಾಗೆ ಮಾಡಿದೆ. ಮಾಸ್ಟ್ರು ಕೃಷ್ಣಸಂಧಾನದ ಕೃಷ್ಣನ ಹಾಗೆ ಮಾತಾಡಿ ಮಾತಾಡಿ ಮೊದಲ ಮುದುಕಿಯನ್ನು ಸುಸ್ತು ಮಾಡಿಸಿದರು. ಮುದುಕಿ ಅಂದರೆ ನಾನೇ. ಸುಸ್ತಾದದ್ದೂ ನಾನೇ. ಮೂರನೇ ಮುದುಕಿಗೆ ನಾಟಕದ ಹುಚ್ಚು, ಅವಳ ಕೋಟೆಯೊಳಗೇ ರಂಗಸ್ಥಳ ಇದೆ. ಅಲ್ಲಿ ನಮ್ಮವರು ಪುಸ್ತಕದಲ್ಲಿದ್ದ ನಾಟಕ ಬಿಟ್ಟು ಯಕ್ಷಗಾನ ಬಡಗುತಿಟ್ಟೋ ತೆಂಕುತಿಟ್ಟೋ ಅಂತ ಜಗಳಕ್ಕೆ ಬಿದ್ದರು. ತೆಂಕಿನ ಕವಿ ಕುಂಬಳೆ ಪಾರ್ತಿಸುಬ್ಬನ ಸೀಮೆಯಲ್ಲಿ ಕೂತು ಇದೆಂಥ ಪ್ರಶ್ನೆ ಮಾರಾಯ್ರೆ!

ಖರ್ಚಿನ ವಿಷಯ ಹೇಳುತ್ತಿದ್ದೆ. ಕತೆ ನಡೆಸುವವನ ಕೈಪಿಡಿಯಾದ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಫೇವೈಲ್ಡ್‌ನ ಕಾಲದ ಲೆಕ್ಕಕ್ಕೆ ಒಂದು ಸಣ್ಣ ಪಟ್ಟಿ ಇದೆ. ಬೇಕಿದ್ದರೆ ಬಳಸಿ ಅಂತ ಕೊಟ್ಟದ್ದು. ನಾನು ಬಳಸಿದೆ. ಹೊರಗೆ ಬರುವಾಗ 20 ಮುಖದ ದಾಳ ಹಾಕಬೇಕು. 7ರಿಂದ 13 ಬಿದ್ದರೆ ಏನೂ ವ್ಯತ್ಯಾಸ ಇಲ್ಲ. 1 ಅಥವಾ 2 ಬಿದ್ದರೆ ಅಲ್ಲಿ ಕಳೆದ ದಿನಗಳು ಇಲ್ಲಿ ಬರೀ ನಿಮಿಷ. 18, 19 ಬಿದ್ದರೆ ದಿನ ತಿಂಗಳಾಗುತ್ತದೆ. 20 ಬಿದ್ದರೆ ವರ್ಷ. ನಮ್ಮವರು ಒಳಗಿದ್ದದ್ದು ಆರು ದಿನ. ಭಾವ ದಾಳ ಹಾಕಿದರು. 18.

'ಆರು ತಿಂಗಳಾ? ಎನ್ನ ಕುದುರೆ ಎಂತಾತು?'

ಕುದುರೆಯನ್ನು ಅವರು ಒಂದು ಛತ್ರದಲ್ಲಿ ಕಟ್ಟಿ ಹೋಗಿದ್ದರು. ಛತ್ರದವನು ಹುಲ್ಲಿನ ಬಾಕಿಗೆ ಅದನ್ನು ಮಾರಿಬಿಟ್ಟಿದ್ದ. ದಿನಕ್ಕೆ ಎಷ್ಟು ಹುಲ್ಲು, ಒಂದು ಕಟ್ಟಿಗೆ ಏನು ರೇಟು, ಮಾರಿದ್ದರಲ್ಲಿ ಉಳಿದದ್ದೆಷ್ಟು ಅಂತ ಭಾವ ಅರ್ಧ ಗಂಟೆ ಲೆಕ್ಕ ಕೇಳಿದರು. ಮೂರು ಮುದುಕಿಯರೂ ಮಾಡದ ಗಾಯವನ್ನು ಆ ಛತ್ರದವನು ಮಾಡಿದ್ದ. ನನ್ನ ಮಟ್ಟಿಗೆ ಆ ಇಡೀ ಮಳೆಗಾಲದ ಒಳ್ಳೆಯ ದೃಶ್ಯ ಅದೇ. ಅದು ಹುಟ್ಟಿದ್ದು ಇನ್ನೂರೈವತ್ತು ಪುಟದ ಕತೆಯಿಂದಲ್ಲ, ಬೇರೆ ಪುಸ್ತಕದ ಆರು ಸಾಲಿನ ಪಟ್ಟಿಯಿಂದ.

ತೊಂದರೆ ಇರುವುದೂ ಅಲ್ಲೇ. ವಿಚ್‌ಲೈಟ್ ಚಂದ ಉಂಟು, ಆದರೆ ಬೆಲ್ಲ ಸ್ವಲ್ಪ ಜಾಸ್ತಿ. ಮುದುಕಿಯರು ಹೆದರಿಸುವುದಕ್ಕಿಂತ ನಗಿಸುವುದೇ ಹೆಚ್ಚು. ಇಂಗ್ಲಿಷಿನ ಪ್ರಾಸ, ಶಬ್ದದ ಆಟ ತುಂಬ ಇದೆ, ಅದು ಕನ್ನಡಕ್ಕೆ ಬರುವುದೇ ಇಲ್ಲ. ಹಿದರ್, ದಿದರ್, ಯಾನ್ ಎಂಬ ಮೂರು ಸೀಮೆಗಳನ್ನು ಇಲ್ಲಿ, ಅಲ್ಲಿ, ಅತ್ತ ಅಂತ ಮಾಡಿದೆ. 'ಅತ್ತ ಹೋಗುವ' ಅಂದಾಗಲೆಲ್ಲ ಯಾವ ಕಡೆ ಅಂತ ಯಾರಾದರೂ ಕೇಳುತ್ತಿದ್ದರು.

ಮುಂದಿನ ವರ್ಷ ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಫಸ್ಟ್ ವರ್ಲ್ಡ್. ಕೇಳಿದರೆ ಮೈ ಜುಂ ಅನ್ನುವ ಕಲ್ಪನೆ. ದೇವರುಗಳು ಈ ಜಗತ್ತನ್ನು ಮಾಡುವ ಮೊದಲು ಒಂದು ಕರಡು ಮಾಡಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಹಾಗೇ ಬಿಟ್ಟರು. ಆ ಬಿಟ್ಟ ಕರಡೇ ಆಚೆಕರೆ. ಜಾಗ, ಕಾಲ ಎರಡೂ ಅಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಅಲ್ಲಿ ಹುಟ್ಟಿದವರು ಅಲ್ಲೇ ಸತ್ತರೆ ತಿರುಗಿ ಹುಟ್ಟುತ್ತಾರೆ. ಎಲ್ಡೆಸ್ಟ್ ಎಂಬ ಒಂಬತ್ತು ಜನ ಅಲ್ಲಿ ದೊಡ್ಡವರು. ಆಟದ ರೂಲ್ಸ್ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ, ಕಂಪನಿಯ ಒಪ್ಪಿಗೆಯಿಂದಲೇ. ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಓದುವಾಗ ಇದಕ್ಕಿಂತ ಒಳ್ಳೆಯದು ಇಲ್ಲ ಅನಿಸಿತ್ತು. ಆಡಿದಾಗ ಐದೇ ವಾರಕ್ಕೆ ನಿಂತಿತು. ಎದುರಿನ ಗುಡ್ಡಕ್ಕೆ ನಿನ್ನೆ ಒಂದು ಗಂಟೆಯ ದಾರಿ, ಇವತ್ತು ಮೂರು ದಿನದ ದಾರಿ ಅಂತ ನಾನು ಬಹಳ ಗಂಭೀರವಾಗಿ ವರ್ಣಿಸಿದೆ. ಭಾವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, 'ಅಂಬಗ ಹೋಪದು ಎಂತಕೆ ಭಾವ? ಇಲ್ಲಿಯೇ ಕೂಪ.' ಹೌದಲ್ವಾ, ಹೋಗುವುದಾದರೂ ಯಾಕೆ? ಏನು ಬೇಕಾದರೂ ಆಗಬಹುದು ಅಂದ ಮೇಲೆ ಆಡುವವನು ಯೋಚನೆ ಮಾಡಿ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಸಾವೇ ಖಾಯಂ ಅಲ್ಲದವರ ಹತ್ತಿರ ಚೌಕಾಸಿ ಮಾಡುವುದೂ ಕಷ್ಟ, ಅವರಿಗೆ ಅವಸರವೇ ಇಲ್ಲ. ತಪ್ಪು ಲೋಕದ್ದಲ್ಲ, ನನ್ನದೇ ಇರಬಹುದು. ಗಟ್ಟಿ ಕೈಯ ಭಾಗವತ ಇದ್ದರೆ ಇದರಿಂದ ಏನೋ ತೆಗೆದಾನು.

ಒಂದು ಮಾತ್ರ ಅಲ್ಲಿಂದ ಕದ್ದು ತಂದೆ. ಆ ಒಂಬತ್ತು ಜನರಲ್ಲಿ ಶೈಕಾ ಅಂತ ಒಬ್ಬರು. ಕಾಲದ ಬೇರೆ ಬೇರೆ ಕಡೆಯಿಂದ ಬೇರೆ ಬೇರೆ ರೂಪದಲ್ಲಿ ಬರುವ ಒಂದೇ ಜೀವ. ಮೊದಲ ಭೇಟಿಯಲ್ಲೇ ಅವರು ಮಾಸ್ಟ್ರ ಹತ್ತಿರ, 'ಕಳೆದ ಸಲ ನೀವು ಕೊಟ್ಟ ಮಾತು ನೆನಪಿದೆ ತಾನೆ?' ಅಂದರು. ಆ ಸಲ ಇನ್ನೂ ಆಗಿಯೇ ಇರಲಿಲ್ಲ. ಮಾಸ್ಟ್ರು ಮಾತಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಅವತ್ತು ಒಂದೇ ದಿನ.

ಮೂರನೆಯದು ಚೇಂಜ್ಲಿಂಗ್: ದಿ ಡ್ರೀಮಿಂಗ್, 1995ರ ಆಟ. ಇದನ್ನು ಬೇಗ ಮುಗಿಸುತ್ತೇನೆ, ನಾವೂ ಬೇಗ ಮುಗಿಸಿದೆವು. ಇದು ನಡೆಯುವುದು ಈಗಿನ ಕಾಲದ ಪೇಟೆಯಲ್ಲೇ. ಮನುಷ್ಯರ ಮೈಯಲ್ಲಿ ಫೇರಿಯ ಜೀವ ಇರುತ್ತದೆ. ಅದನ್ನು ಕೊಲ್ಲುವುದು ಕತ್ತಿಯಲ್ಲ, ಬೇಸರ ಹಿಡಿಸುವ ದಿನದ ಬದುಕು. ಆಟದಲ್ಲಿ ಅದಕ್ಕೆ ಬ್ಯಾನಾಲಿಟಿ ಅಂತ ಹೆಸರು, ಅಂಕಿಯೂ ಉಂಟು. ಕತೆಯನ್ನು ಕಾಸರಗೋಡಿನ ಬಸ್‌ಸ್ಟ್ಯಾಂಡಿಗೇ ತಂದೆ. ಮಲಯಾಳಿ ಗೆಳೆಯನಿಗೆ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತನ ಕೆಲಸ. ಎರಡು ಗಂಟೆ ಆಡಿ, 'ಇದನ್ನು ಸೋಮವಾರದಿಂದ ಶುಕ್ರವಾರ ಆಡುತ್ತೇನೆ, ಶನಿವಾರವೂ ಬೇಕಾ?' ಅಂದ. ಖರ್ಚು ಇಲ್ಲಿ ಬೇಕಾದಷ್ಟಿದೆ. ಆದರೆ ಆಚೆಕರೆಯೇ ಇಲ್ಲ, ಬರೀ ಈಚೆ. ಒಂದೇ ರಾತ್ರಿಗೆ ಪುಸ್ತಕ ಮುಚ್ಚಿದೆವು.

ಕಳೆದ ಮಳೆಗಾಲದಿಂದ ಡಾಲ್ಮನ್‌ವುಡ್ ನಡೆಯುತ್ತಿದೆ. 2023ರಲ್ಲಿ ಓದುಗರಿಂದಲೇ ಮುಂಗಡ ಹಣ ಕೂಡಿಸಿ ತಂದ ಪುಸ್ತಕಗಳು. ರೂಲ್ಸ್ ಹಳೆಯ ಕಾಲದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರದ್ದು, ಸರಳ, ಆದರೆ ಕರುಣೆ ಇಲ್ಲ. ಭಾವ ಬ್ರೆಗ್ಗಲ್ ಎಂಬ ಆಡಿನ ತಲೆಯ ಜಾತಿಯ ಪಾತ್ರ ಮಾಡಿದ್ದರು. ಲೆವೆಲ್ ಏರಿದ ಹಾಗೆ ಕೊಂಬು ಬೆಳೆಯುತ್ತದೆ ಅಂತ ಬಹಳ ಆಸೆಯಲ್ಲಿದ್ದರು. ಎರಡನೇ ಶನಿವಾರವೇ ಪಾತ್ರ ಸತ್ತಿತು. ಕೊಂಬು ಚಿಗುರಲೇ ಇಲ್ಲ.

ಇಲ್ಲಿ ಆಡುವುದು ಒಂದು ದೊಡ್ಡ ಕಾಡಿನಲ್ಲಿ. ನಕ್ಷೆಯಲ್ಲಿ ಷಟ್ಕೋನದ ಖಾನೆಗಳು, ಒಂದೊಂದರಲ್ಲೂ ಏನೋ ಒಂದು. ಹಿಂದೆ ಈ ಕಾಡನ್ನು ಆಳುತ್ತಿದ್ದ ಕೋಲ್ಡ್ ಪ್ರಿನ್ಸ್ ಎಂಬ ಫೇರಿ ದೊರೆಯನ್ನು ಆಚೆಗೆ ಓಡಿಸಿದ್ದಾರೆ. ಅವನಿಗೆ ವಾಪಸ್ ಬರಬೇಕು. ಅಂದರೆ ಉಳಿದ ಆಟಗಳಲ್ಲಿ ನಾವು ಆಚೆಗೆ ಹೋಗುತ್ತೇವೆ, ಇಲ್ಲಿ ಆಚೆಯವರು ಈಚೆಗೆ ಬರುತ್ತಾರೆ. ನಮ್ಮ ಊರಿನ ಕತೆಗಳೂ ಹಾಗೇ ಅಲ್ವಾ? ಯಕ್ಷಿಯ ಲೋಕಕ್ಕೆ ಯಾರೂ ಟೂರ್ ಹೋಗುವುದಿಲ್ಲ. ಅವಳೇ ದಾರಿಯ ಬದಿಗೆ ಬಂದು ನಿಲ್ಲುತ್ತಾಳೆ.

ಇನ್ನೊಂದು ಹೊಂದಿಕೆ ನಾನು ಹುಡುಕದೆ ಸಿಕ್ಕಿದ್ದು. ಈ ಆಟದಲ್ಲಿ ಫೇರಿಗಳಿಗೆ ಕಬ್ಬಿಣ ಆಗುವುದಿಲ್ಲ. ಇದನ್ನು ಓದಿ ಹೇಳುತ್ತಿದ್ದಂತೆ ಮಲಯಾಳಿ ಗೆಳೆಯ, 'ಹಾಗಾದರೆ ಕಾಞಿರದ ಮರಕ್ಕೆ ಆಣಿ ಹೊಡೆಯುವ' ಅಂದ. ಮಲೆಯಾಳದ ಕಡೆ ಯಕ್ಷಿಯನ್ನು ಕಟ್ಟಿಹಾಕುವ ಕ್ರಮ ಅದೇ. ಕಾಞಿರ ಅಂದರೆ ನಮ್ಮ ಕಾಸರಕ. ಕಾಸರಗೋಡಿಗೆ ಹೆಸರು ಬಂದದ್ದೇ ಆ ಮರದಿಂದ ಅನ್ನುವವರೂ ಇದ್ದಾರೆ. ಅವತ್ತಿನಿಂದ ಯಾರಿಗೂ ರೂಲ್ಸ್ ವಿವರಿಸುವ ಕೆಲಸ ನನಗಿಲ್ಲ. ಎಲ್ಲರ ಪಾತ್ರದ ಜೋಳಿಗೆಯಲ್ಲೂ ಕಬ್ಬಿಣದ ಆಣಿ ಇದೆ.

ಫೇರಿ ರಸ್ತೆಗಳ ಬಾಗಿಲಿಗೆ ನಾನು ಸುರಂಗ ಇಟ್ಟೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ನಮ್ಮ ನೀರಿನ ಸುರಂಗ. ಒಬ್ಬನೇ ಹೋಗುವಷ್ಟು ಅಗಲ, ಒಳಗೆ ಕಾಲಡಿಯಲ್ಲಿ ತಣ್ಣೀರು. ಮನೆಯ ಹಿಂದೆಯೇ ಒಂದಿದೆ. ಮೊದಲ ಸಲ ಪಾತ್ರಗಳು ಅದರೊಳಗೆ ಹೋದಾಗ ಜಗಲಿಯಲ್ಲಿ ಎಲ್ಲರೂ ಒಂದು ಸಲ ಹಿತ್ತಲ ಕಡೆ ನೋಡಿದರು.

ಇದರಲ್ಲಿ ತೊಂದರೆ ಇಲ್ಲವೆಂದಲ್ಲ. ದಪ್ಪ ಪುಸ್ತಕ ಮೂರು. ಶುಕ್ರವಾರ ರಾತ್ರಿ ಪೂರ್ತಿ ತಯಾರಿಗೇ ಬೇಕು. ಇಗರ್ಜಿ, ಸಂತರ ಗುಡಿ ಎಲ್ಲ ಇಂಗ್ಲಿಷ್ ಹಳ್ಳಿಯದ್ದು. ಆಚೆಕರೆಯ ಒಳಗನ್ನೇ ಸುತ್ತಬೇಕು ಅನ್ನುವವರಿಗೆ ಇದರಲ್ಲಿ ಹೊಟ್ಟೆ ತುಂಬದು. ಮನೆಯಲ್ಲಿ ಸಣ್ಣ ಮಕ್ಕಳಿದ್ದು ಅವರೂ ಕೂರುತ್ತಾರೆ ಅಂದರೆ ನಾನು ಈಗಲೂ ವಿಚ್‌ಲೈಟನ್ನೇ ಕೊಡುತ್ತೇನೆ, ಕಾಲದ ಪಟ್ಟಿ ಸೇರಿಸಿ. ದೊಡ್ಡವರ ಗುಂಪಿಗೆ, ವರ್ಷಗಟ್ಟಲೆ ಆಡುವವರಿಗೆ ಡಾಲ್ಮನ್‌ವುಡ್. ಫಸ್ಟ್ ವರ್ಲ್ಡನ್ನು ಓದಿ, ಬೇಕಾದ್ದು ಕದಿಯಿರಿ.

ಕಳೆದ ಶನಿವಾರ ದೊರೆಯ ದೂತ ಸುರಂಗದ ಬಾಯಿಗೆ ಬಂದ. ಹಿಡಿದಿಟ್ಟ ಊರಿನವರನ್ನು ಬಿಡುತ್ತಾನಂತೆ. ಬದಲಿಗೆ ಮಾಸ್ಟ್ರ ಪಾತ್ರ ತನ್ನ ತಾಯಿಯ ದನಿಯ ನೆನಪು ಕೊಡಬೇಕು. ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. ಒಂದು ಗಂಟೆ ಅರ್ಥ ಹೇಳುವ ಮನುಷ್ಯ, 'ಒಂದು ವಾರ ಸಮಯ ಕೊಡಿ ಭಾಗವತ್ರೆ' ಅಂದರು. ಅಷ್ಟರಲ್ಲಿ ಕರೆಂಟು ಬಂತು, ಅಮ್ಮ ಊಟಕ್ಕೆ ಕರೆದರು. ನಾಡಿದ್ದು ಶನಿವಾರ.